ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್‌ಗೆ ಹಿಡಿದ ಅವಸರ

ಬಿಸು ಹಬ್ಬದ ಹಿಂದಿನ ವಾರ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಎಡಕ್ಕೆ ತಿರುಗುತ್ತಿದ್ದೆ. ಹಿಂದಿನಿಂದ ಬಂದ ಬೈಕಿನವನು ಇನ್ನೇನು ನನ್ನ ಬಾಗಿಲಿಗೆ ಬಡಿಯುವುದರಲ್ಲಿದ್ದ. ನಿಲ್ಲಿಸಿ ಬೈದ. ಮಲಯಾಳದಲ್ಲಿ ಶುರು ಮಾಡಿ, ನನ್ನ ಮುಖ ನೋಡಿ ತುಳುವಿಗೆ ಬಂದ. ಎರಡರಲ್ಲೂ ಹೇಳಿದ್ದು ಒಂದೇ: ಇಂಡಿಕೇಟರ್ ಹಾಕದೆ ತಿರುಗಿಸಿದ್ದು ಎಂತಕ್ಕೆ? ನಾನು ಹಾಕಿದ್ದೆ. ಅವನಿಗೆ ಕಾಣಿಸಿರಲಿಲ್ಲ, ಅಷ್ಟೆ.

ಮನೆಗೆ ಬಂದು ಮಗಳನ್ನು ಹಿಂದೆ ನಿಲ್ಲಿಸಿ ಇಂಡಿಕೇಟರ್ ಹಾಕಿದೆ. ಬಲಗಡೆಯದು ಸರಿಯಾಗಿತ್ತು. ಹಿಂದಿನ ಎಡಗಡೆಯದು ಎಣ್ಣೆ ಮುಗಿಯುತ್ತಾ ಬಂದ ಚಿಮಿಣಿ ದೀಪದ ಹಾಗೆ ಇತ್ತು. ಕಾರು 2009ರ ಮಾಡೆಲ್, ಸಣ್ಣದು, ಕೆಎಲ್ 14 ನಂಬರಿನದು. ನಮ್ಮ ಕೈಗೆ ಬರುವ ಮೊದಲು ಬೇಕಲದ ಕಡೆ, ಸಮುದ್ರಕ್ಕೆ ತಾಗಿದ ಒಂದು ಮನೆಯಲ್ಲಿ ಏಳೆಂಟು ವರ್ಷ ಇದ್ದ ಕಾರು. ಈ ವಿಷಯ ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಆವತ್ತು ನಾನು ಮಾಡಬೇಕಾಗಿದ್ದದ್ದು ಅರ್ಧ ಗಂಟೆಯ ಒಂದೇ ಕೆಲಸ. ಅದಕ್ಕೆ ಬಂದು ಮುಟ್ಟಲು ಮೂರು ತಿಂಗಳು ಬೇಕಾಯಿತು.

ಭಾವ ಹೇಳಿದ, "ಹಳೇ ಬಲ್ಬು ಯಾಕೆ ಮಾರಾಯ, ಎಲ್‌ಇಡಿ ಹಾಕು, ಕಣ್ಣು ಕುಕ್ಕುವ ಹಾಗೆ ಉರೀತದೆ." ಆನ್‌ಲೈನ್‌ನಲ್ಲಿ ನಾಲ್ಕು ತರಿಸಿದೆ. ಒಂದು ವಿಷಯ ಮಾತ್ರ ಸರಿಯಾಗಿ ಮಾಡಿದ್ದೆ, ಬಿಳಿ ಬಣ್ಣದ್ದು ತರಿಸಲಿಲ್ಲ. ಇಂಡಿಕೇಟರ್ ಹೊರಗಿನಿಂದ ಹಳದಿಯಾಗಿಯೇ ಕಾಣಬೇಕು, ಅದು ಕಾನೂನು. ಹಳದಿ ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಮಾಸಿದ ಬಣ್ಣ ಬರುತ್ತದೆ, ಬೆಳಕೂ ಕಮ್ಮಿ. ಹಳದಿ ಗಾಜಿಗೂ ಹಳದಿ ಎಲ್‌ಇಡಿಯೇ ಸರಿ.

ತಪ್ಪಿದ್ದು ಬೇರೆ ಕಡೆ. ಹಿಂದಿನ ಹೋಲ್ಡರ್‌ಗೆ ಬರುವ ಬಲ್ಬಿನ ಬುಡದಲ್ಲಿ ಎರಡು ಸಣ್ಣ ಪಿನ್‌ಗಳು ಸರಿಯಾಗಿ ಎದುರು ಬದುರು ಇರುತ್ತವೆ. ಮುಂದಿನದು ಬಣ್ಣದ ಗಾಜಿನ ಬಲ್ಬು, ಅದರ ಪಿನ್‌ಗಳು ಸ್ವಲ್ಪ ಓರೆ. ಬಿಳಿ ಬಲ್ಬನ್ನು ಯಾರೂ ತಪ್ಪಿ ಅಲ್ಲಿ ಹಾಕಬಾರದು ಅಂತಲೇ ಹಾಗೆ ಮಾಡಿದ್ದಾರೆ. ನಾನು ನಾಲ್ಕನ್ನೂ ನೇರ ಪಿನ್‌ನದೇ ತರಿಸಿದ್ದೆ. ಮುಂದೆ ಒತ್ತಿ ತಿರುಗಿಸಿ ಸುಸ್ತಾಗಿ, ಕೊನೆಗೆ ಹಳೆಯ ಬಲ್ಬು ಪಕ್ಕದಲ್ಲಿಟ್ಟು ನೋಡಿದಾಗ ಗೊತ್ತಾಯಿತು. ಸರಿ, ಮುಂದಿನದಕ್ಕೆ ಇನ್ನೊಂದು ಆರ್ಡರ್. ಅಷ್ಟರವರೆಗೆ ಹಿಂದೆ ಮಾತ್ರ ಎಲ್‌ಇಡಿ.

ಹಾಕಲು ಹತ್ತು ನಿಮಿಷ. ಡಿಕ್ಕಿಯ ಒಳಗಿನಿಂದ ಎರಡು ಸ್ಕ್ರೂ, ಲ್ಯಾಂಪು ಈಚೆ ಬರುತ್ತದೆ, ಹೋಲ್ಡರ್ ಕಾಲು ಸುತ್ತು ತಿರುಗಿಸಿದರೆ ಬಲ್ಬು ಕೈಗೆ. ಹಾಕಿ ಸ್ವಿಚ್ ಒತ್ತಿದೆ. ಭಾವ ಹೇಳಿದ ಹಾಗೆಯೇ ಬೆಳಕು. ಆದರೆ ಡ್ಯಾಶ್‌ಬೋರ್ಡಿನ ಒಳಗಿನ ಟಿಕ್... ಟಿಕ್... ಎನ್ನುವ ನಿಧಾನದ ಸದ್ದು ಹೋಗಿ ಟಿಕಟಿಕಟಿಕ ಶುರುವಾಗಿತ್ತು. ಶಾಲೆ ಬಸ್ಸು ತಪ್ಪಿದ ಮಗುವಿನ ಹಾಗೆ ಅವಸರ. ಎಡಕ್ಕೆ ಹಾಕಿದರೂ ಹಾಗೆಯೇ, ಬಲಕ್ಕೆ ಹಾಕಿದರೂ ಹಾಗೆಯೇ.

ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟು ಎಣಿಸಿದೆ. 74 ಸಲ. ಅಂದರೆ ನಿಮಿಷಕ್ಕೆ 148. ಹಳೆಯ ಬಲ್ಬು ವಾಪಸು ಹಾಕಿ ಎಣಿಸಿದರೆ 41, ನಿಮಿಷಕ್ಕೆ 82. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120ರ ಒಳಗೆ ಮಿನುಗಬೇಕು ಅಂತ ನಿಯಮ ಉಂಟು. ನನ್ನದು ಆ ಗೆರೆ ದಾಟಿ ಹೋಗಿತ್ತು.

ಇದು ಯಾಕೆ ಆಗುತ್ತದೆ ಅಂತ ಹೇಳಿಬಿಡುತ್ತೇನೆ. ಇಂಡಿಕೇಟರನ್ನು ಮಿನುಗಿಸುವುದು ಫ್ಲಾಶರ್ ಎನ್ನುವ ಸಣ್ಣ ಡಬ್ಬಿ. ಅದು ಬರೀ ಸ್ವಿಚ್ ಅಲ್ಲ. ತನ್ನ ಮೂಲಕ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಅಳೆಯುತ್ತಾ ಇರುತ್ತದೆ. ಒಂದು ಬದಿಗೆ ಮುಂದೆ 21 ವ್ಯಾಟ್, ಹಿಂದೆ 21 ವ್ಯಾಟ್, ಪಕ್ಕದ ಸಣ್ಣದು 5 ವ್ಯಾಟ್, ಒಟ್ಟು 47. ಹನ್ನೆರಡು ವೋಲ್ಟಿಗೆ ಸುಮಾರು 3.9 ಆಂಪಿಯರ್. ಒಂದು ದೊಡ್ಡ ಬಲ್ಬು ಸುಟ್ಟುಹೋದರೆ ಉಳಿಯುವುದು 26 ವ್ಯಾಟ್. ಕರೆಂಟ್ ಅಷ್ಟು ಇಳಿದದ್ದು ಕಂಡ ಕೂಡಲೇ ಫ್ಲಾಶರ್ ವೇಗ ಹೆಚ್ಚಿಸುತ್ತದೆ. ಒಂದು ಬಲ್ಬು ಹೋಗಿದೆ, ಇಳಿದು ನೋಡು ಅಂತ ಡ್ರೈವರ್‌ಗೆ ಹೇಳುವ ಉಪಾಯ ಇದು. ಹಿಂದೆ ಕೂತ ಎಲ್‌ಇಡಿ ಎಳೆಯುವುದು ಮೂರೂವರೆ ವ್ಯಾಟ್. ಫ್ಲಾಶರ್‌ಗೆ ಎಲ್‌ಇಡಿ ಅಂದರೆ ಏನು ಅಂತ ಗೊತ್ತಿಲ್ಲ. ಬಲ್ಬು ಸತ್ತಿದೆ ಅಂತಲೇ ಅದರ ಲೆಕ್ಕ.

ಅಪ್ಪನ ಹಳೆಯ ಜೀಪಿನಲ್ಲಿ ಇದ್ದದ್ದು ಇನ್ನೂ ಹಿಂದಿನ ಕಾಲದ ಫ್ಲಾಶರ್. ಅದರಲ್ಲಿ ಲೋಹದ ಪಟ್ಟಿ ಕರೆಂಟಿನ ಬಿಸಿಗೆ ಬಾಗಿ ಬಿಡುತ್ತಿತ್ತು, ತಣಿದು ಮತ್ತೆ ಕೂರುತ್ತಿತ್ತು. ಅದರಲ್ಲಿ ಒಂದು ಬಲ್ಬು ಹೋದರೆ ಬಿಸಿ ಸಾಲದೆ ನಿಧಾನವಾಗುತ್ತಿತ್ತು, ಇಲ್ಲವೇ ಮಿನುಗದೆ ಸುಮ್ನೆ ಉರಿಯುತ್ತಾ ನಿಲ್ಲುತ್ತಿತ್ತು. ಹೇಳುವ ವಿಷಯ ಅದೇ, ಹೇಳುವ ರೀತಿ ಉಲ್ಟಾ.

ನನ್ನ ಕಾರಿನಲ್ಲಿ ಇನ್ನೊಂದು ಚಂದದ ಸುಳಿವು ಸಿಕ್ಕಿತು. ನಾಲ್ಕೂ ಒಟ್ಟಿಗೆ ಮಿನುಗುವ ಹಜಾರ್ಡ್ ಸ್ವಿಚ್ ಒತ್ತಿದರೆ ವೇಗ ಸರಿಯಾಗಿತ್ತು! ಎಡ ಬಲ ಬೇರೆ ಬೇರೆ ಹಾಕಿದರೆ ಅವಸರ, ಒಟ್ಟಿಗೆ ಹಾಕಿದರೆ ಶಾಂತ. ಕಾಗದದ ಮೇಲೆ ಕೂಡಿಸಿದಾಗ ಅರ್ಥವಾಯಿತು. ಒಂದು ಬದಿಗೆ ಈಗ 21, 5, ಮೂರೂವರೆ, ಒಟ್ಟು 30 ವ್ಯಾಟ್‌ನ ಹತ್ತಿರ. ಅದು ಕಮ್ಮಿ. ಹಜಾರ್ಡ್‌ನಲ್ಲಿ ಎರಡು ಬದಿಯದೂ ಕೂಡಿ ಸುಮಾರು 59. ಫ್ಲಾಶರ್‌ಗೆ ಅಷ್ಟು ಧಾರಾಳ ಸಾಕು. ಹಾಗಾಗಿ ವೈರಿಂಗ್ ಸರಿ ಇದೆ, ಫ್ಲಾಶರ್ ಕೂಡ ಸರಿ ಇದೆ, ಕಮ್ಮಿಯಾದದ್ದು ಲೋಡ್ ಮಾತ್ರ ಅಂತ ತೀರ್ಮಾನಿಸಿದೆ. ಮೂರರಲ್ಲಿ ಎರಡು ಸರಿ. ವೈರಿಂಗ್ ವಿಷಯ ಮುಂದೆ ಹೇಳುತ್ತೇನೆ.

ಒಂದು ವಾರದಲ್ಲಿ ಓರೆ ಪಿನ್‌ನ ಎಲ್‌ಇಡಿ ಬಂತು, ಮುಂದೆಯೂ ಹಾಕಿದೆ. ಈಗ ಹಜಾರ್ಡ್ ಕೂಡ ಟಿಕಟಿಕ. ಲೆಕ್ಕ ಸರಿಯಾಯಿತು ಅಂತ ಖುಷಿ ಪಟ್ಟವನು ಮನೆಯಲ್ಲಿ ನಾನೊಬ್ಬನೇ.

ಗ್ಯಾರೇಜಿನವರು ಹೇಳಿದ್ದು ರೆಸಿಸ್ಟರ್ ಹಾಕಿ ಅಂತ. ಚಿನ್ನದ ಬಣ್ಣದ ಅಲ್ಯುಮಿನಿಯಂ ಕವಚದ, ಹೆಬ್ಬೆರಳಿನಷ್ಟು ಉದ್ದದ ತುಂಡು. 50 ವ್ಯಾಟ್, 6 ಓಂ ಅಂತ ಮೇಲೆ ಬರೆದಿರುತ್ತದೆ. ಭಾವ ಮಾತ್ರ ಕ್ಯಾನ್‌ಬಸ್ ಅಂತ ಬರೆದ ಬಲ್ಬು ತಗೋ ಅಂದ. ಆ ಬಲ್ಬಿನಲ್ಲಿ ಇರುವುದೂ ಅದೇ ರೆಸಿಸ್ಟರ್, ಬುಡದಲ್ಲಿ ಅಡಗಿಸಿಟ್ಟಿರುತ್ತಾರೆ. ಬಿಸಿಗೆ ಹೆದರುವ ಎಲ್‌ಇಡಿಯ ಪಕ್ಕದಲ್ಲೇ ಒಲೆ ಉರಿಸಿದ ಹಾಗೆ. ನನಗೆ ಅದು ಸರಿ ಕಾಣಲಿಲ್ಲ.

6 ಓಂ ಯಾಕೆ ಅಂತ ತಿಳಿಯಲು ಹಳೆಯ ಬಲ್ಬನ್ನು ಮಲ್ಟಿಮೀಟರಿಗೆ ಇಟ್ಟೆ. 0.6 ಓಂ ತೋರಿಸಿತು! ಮೀಟರ್ ಕೆಟ್ಟಿದೆಯಾ ಅಂತ ಎರಡು ಸಲ ನೋಡಿದೆ. ಕೆಟ್ಟಿರಲಿಲ್ಲ. ಬಲ್ಬಿನ ತಂತಿ ತಣ್ಣಗಿರುವಾಗ ಅದರ ತಡೆ ತೀರಾ ಕಮ್ಮಿ, ಉರಿದು ಬೆಳ್ಳಗಾದಾಗ ಹತ್ತು ಪಟ್ಟಿಗಿಂತ ಜಾಸ್ತಿ. 21 ವ್ಯಾಟಿನ ಬಲ್ಬು ಉರಿಯುವಾಗ 1.75 ಆಂಪಿಯರ್ ಎಳೆಯುತ್ತದೆ, 12ನ್ನು ಅದರಿಂದ ಭಾಗಿಸಿದರೆ ಸುಮಾರು 7 ಓಂ. ಅದಕ್ಕೆ ಹತ್ತಿರದ್ದು 6. ಬಿಸಿ ಬಲ್ಬಿನ ವೇಷ ಹಾಕಿದ ರೆಸಿಸ್ಟರ್ ಅದು.

ಎಲ್‌ಇಡಿಯ ಕರೆಂಟನ್ನೂ ಅಳೆದೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಿಸಿ, ದಾರಿಯ ಮಧ್ಯೆ ಜೋಡಿಸಬೇಕು. 0.28 ಆಂಪಿಯರ್ ಬಂತು. ಡಬ್ಬಿಯ ಮೇಲೆ ಬರೆದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ಬಿಡಿ. ಆಮೇಲೆ ಕೆಂಪು ವೈರನ್ನು ವಾಪಸು ಹಾಕಲು ಮರೆತು ಬ್ಯಾಟರಿಯ ವೋಲ್ಟೇಜ್ ನೋಡಲು ಹೋದೆ. ಚಟ್ ಅಂತ ಕಿಡಿ, ಮೀಟರಿನ ಫ್ಯೂಸು ಹಾರಿತು. ಈ ತಪ್ಪು ಮಾಡದವರು ಮಲ್ಟಿಮೀಟರ್ ಇಟ್ಟುಕೊಂಡವರಲ್ಲಿ ಯಾರಾದರೂ ಇದ್ದಾರಾ?

ಒಂದು ಎಲ್‌ಇಡಿಗೆ ಒಂದು ರೆಸಿಸ್ಟರ್ ಹಾಕುವುದು ಕ್ರಮ. ನಾಲ್ಕು ಬೇಕು. ನಾನು ಲೆಕ್ಕದ ಬುದ್ಧಿವಂತ. ಒಂದು ಬದಿಗೆ ಒಂದೇ ಹಾಕಿದರೆ ರೆಸಿಸ್ಟರಿಗೆ 24 (12 ವೋಲ್ಟಿಗೆ 6 ಓಂ ಎಳೆಯುವುದು 2 ಆಂಪಿಯರ್), ಎರಡು ಎಲ್‌ಇಡಿಗೆ 7, ಪಕ್ಕದ ಬಲ್ಬಿಗೆ 5, ಒಟ್ಟು 36 ವ್ಯಾಟ್. ಸತ್ತ ಬಲ್ಬಿನ 26ಕ್ಕೂ ಪೂರ್ತಿ 47ಕ್ಕೂ ನಡುವೆ. ಸಾಕಾದರೂ ಸಾಕು ಅಂತ ಹಿಂದೆ ಮಾತ್ರ ಎರಡು ಹಾಕಿದೆ, ಒಂದು ಎಡಕ್ಕೆ, ಒಂದು ಬಲಕ್ಕೆ. ರೆಸಿಸ್ಟರಿನ ಒಂದು ವೈರು ಇಂಡಿಕೇಟರಿನ ವೈರಿಗೆ, ಇನ್ನೊಂದು ಕಪ್ಪು ಅರ್ತ್ ವೈರಿಗೆ, ಅಂದರೆ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ವಾಪಸು ಹೋಗುವ ವೈರಿಗೆ. ರೆಸಿಸ್ಟರ್‌ಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಕೊಟ್ಟರೂ ಆಗುತ್ತದೆ. ವೈರು ಸುಲಿಯಲು ಉದಾಸೀನ ಆಗಿ, ಮೇಲಿನಿಂದ ಒತ್ತಿದರೆ ಒಳಗೆ ಕಚ್ಚಿಕೊಳ್ಳುವ ನೀಲಿ ಕ್ಲಿಪ್ ಬಳಸಿದೆ.

ಎಂಜಿನ್ ಚಾಲೂ ಇದ್ದಾಗ ಟಿಕ್... ಟಿಕ್... ಸರಿಯಾಯಿತು. ಎಂಜಿನ್ ಬಂದ್ ಮಾಡಿ ಕೀ ಮಾತ್ರ ಆನ್ ಇಟ್ಟರೆ ಮತ್ತೆ ಟಿಕಟಿಕ. ಎಂಜಿನ್ ಓಡುವಾಗ 13.9 ವೋಲ್ಟ್ ಇರುತ್ತಿತ್ತು, ನಿಂತಾಗ 12.2. ಅಷ್ಟರಲ್ಲಿ ರೆಸಿಸ್ಟರಿನ ಕರೆಂಟ್ 2.32ರಿಂದ 2.03ಕ್ಕೆ ಇಳಿಯುತ್ತದೆ. ನಾನು ಸರಿಯಾಗಿ ಗೆರೆಯ ಮೇಲೆ ಕೂತಿದ್ದೆ. ಕಾರು ಓಡುವಾಗ ತಾನೆ ಇಂಡಿಕೇಟರ್ ಬೇಕಾಗುವುದು ಅಂತ ಬಿಟ್ಟೆ.

ಬಿಡಬಾರದಾಗಿದ್ದ ಇನ್ನೊಂದು ವಿಷಯ ಇತ್ತು. ರೆಸಿಸ್ಟರನ್ನು ಎಲ್ಲಿ ಕೂರಿಸುವುದು ಅಂತ ಗೊತ್ತಾಗದೆ ಡಿಕ್ಕಿಯೊಳಗಿನ ಪ್ಲಾಸ್ಟಿಕ್ ಹೊದಿಕೆಗೆ ಕೇಬಲ್ ಟೈ ಹಾಕಿ ಕಟ್ಟಿದ್ದೆ.

ಮೇ ತಿಂಗಳಲ್ಲಿ ಮಂಗಳೂರಿಗೆ ಹೋಗಿ ಬರುವಾಗ ಉಪ್ಪಳ ದಾಟಿ ಕುಂಬಳೆ ಕಡೆಗೆ ಸರ್ವಿಸ್ ರಸ್ತೆಯಲ್ಲಿ ಸಿಕ್ಕಿಬಿದ್ದೆವು. ಮುಂದೆ ಮುರಕಲ್ಲು ತುಂಬಿದ ಲಾರಿಯ ಎಕ್ಸೆಲ್ ತುಂಡಾಗಿತ್ತು. ಹಿಂದಿನಿಂದ ಬಸ್ಸುಗಳು ಬಂದು ಗುದ್ದಬಾರದಲ್ಲ, ಹಜಾರ್ಡ್ ಹಾಕಿ ಕೂತೆ. ಇಪ್ಪತ್ತು ನಿಮಿಷ ಆಗಿರಬೇಕು. ಹಿಂದೆ ಕೂತ ಮಗಳು, "ಅಪ್ಪ, ಎಂತದೋ ಸುಟ್ಟ ವಾಸನೆ" ಅಂದಳು. ಹೊರಗೆ ಯಾರೋ ಕಸ ಸುಡುತ್ತಿದ್ದಾರೆ ಅಂದೆ. ಯಾರೂ ಸುಡುತ್ತಿರಲಿಲ್ಲ. ಡಿಕ್ಕಿ ತೆರೆದರೆ ಎಡಗಡೆಯ ಕೇಬಲ್ ಟೈ ಕರಗಿ ಬಿದ್ದಿತ್ತು, ಪ್ಲಾಸ್ಟಿಕ್ಕಿನಲ್ಲಿ ರೆಸಿಸ್ಟರಿನ ಅಚ್ಚು ಒತ್ತಿದ ಹಾಗೆ ಗುಳಿ. ಪಕ್ಕದಲ್ಲೇ ಹೆಂಡತಿ ಮಂಗಳೂರಿನಿಂದ ತಂದ ಸೀರೆಯ ಚೀಲ. ಆ ಚೀಲಕ್ಕೆ ಏನೂ ಆಗಲಿಲ್ಲ. ಆಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

14 ವೋಲ್ಟಿಗೆ 6 ಓಂನ ರೆಸಿಸ್ಟರ್ 32 ವ್ಯಾಟಿಗೂ ಸ್ವಲ್ಪ ಜಾಸ್ತಿ ಬಿಸಿ ಮಾಡುತ್ತದೆ. ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಅಂತ ಇಟ್ಟರೂ ನಿಂತ ಹಾಗೆ 16 ವ್ಯಾಟ್. 50 ವ್ಯಾಟ್ ತಡೆಯುತ್ತದೆ ಅಂತ ಮೇಲೆ ಬರೆದದ್ದು ನಿಜವೇ, ಆದರೆ ಆ ಮಾತು ಅದನ್ನು ದಪ್ಪ ಲೋಹಕ್ಕೆ ಬಿಗಿದು ಕೂರಿಸಿದಾಗ ಮಾತ್ರ. ಗಾಳಿಯಲ್ಲಿ ತೂಗಾಡಿಸಿದರೆ ಅಲ್ಲ, ಪ್ಲಾಸ್ಟಿಕ್ಕಿಗೆ ಕಟ್ಟಿದರೆ ಖಂಡಿತ ಅಲ್ಲ. ಮರುದಿನ ಬಲಗಡೆಯದನ್ನು ಬಿಚ್ಚಿ ಅಂಗಳದ ಕಲ್ಲಿನ ಮೇಲಿಟ್ಟು ಹತ್ತು ನಿಮಿಷ ಹಜಾರ್ಡ್ ಹಾಕಿದೆ. ಮೇಲೆ ಒಂದು ಹನಿ ನೀರು ಬಿಟ್ಟರೆ ಕಾದ ಕಾವಲಿಯ ಮೇಲೆ ಬಿಟ್ಟ ಹಾಗೆ ಚುಂಯ್ ಅಂತ ಆರಿತು. ನೂರು ಡಿಗ್ರಿಗೂ ಮೇಲೆ.

ಎರಡನ್ನೂ ಹೊದಿಕೆಯ ಹಿಂದಿನ ಬಾಡಿ ತಗಡಿಗೆ, ಮೊದಲೇ ಇದ್ದ ಬೋಲ್ಟುಗಳಿಗೆ ಬಿಗಿದೆ. ಹೊಸ ತೂತು ಕೊರೆಯಲಿಲ್ಲ. ಈ ಊರಿನಲ್ಲಿ ತಗಡಿಗೆ ತೂತು ಕೊರೆದರೆ ಎರಡನೇ ಮಳೆಗಾಲಕ್ಕೆ ಅಲ್ಲಿಂದ ತುಕ್ಕು ಹೊರಡುತ್ತದೆ.

ಜೂನ್ ಬಂತು. ಎರಡು ವಾರ ಬಿಡದೆ ಹೊಯ್ದ ಮೇಲೆ ಒಂದು ಬೆಳಿಗ್ಗೆ ಎಡಕ್ಕೆ ಹಾಕಿದರೆ ಟಿಕಟಿಕ. ಎಂಜಿನ್ ಓಡುತ್ತಾ ಇದೆ, ಆದರೂ. ಬಲಕ್ಕೆ ಹಾಕಿದರೆ ಸರಿ.

ಮೊದಲ ಸಂಶಯ ನೀಲಿ ಕ್ಲಿಪ್ಪಿನ ಮೇಲೆ. ಅದು ವೈರಿನ ಹೊದಿಕೆ ಕೊರೆದು ಒಳಗಿನ ತಾಮ್ರವನ್ನು ಬರೀ ಒಂದು ಅಂಚಿನಲ್ಲಿ ಮುಟ್ಟುತ್ತದೆ. ತೇವ ಒಳಗೆ ಹೋದರೆ ಮುಗಿಯಿತು. ತೆರೆದು ನೋಡಿದರೆ ಒಂದೇ ತಿಂಗಳಲ್ಲಿ ಹಸಿರು ಕಿಲುಬು ಶುರುವಾಗಿತ್ತು. ನಾಲ್ಕನ್ನೂ ಕಿತ್ತು ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಟ್ಯೂಬು ಏರಿಸಿದೆ. ಒಳ್ಳೆ ಕೆಲಸ. ಆದರೆ ಟಿಕಟಿಕ ಹೋಗಲಿಲ್ಲ. ಎಡಗಡೆಯ ಎಲ್‌ಇಡಿ ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸಿದೆ. ರೆಸಿಸ್ಟರನ್ನೂ ಬದಲಿಸಿದೆ. ಕಾಯಿಲೆ ಎಡಗಡೆಯಲ್ಲೇ ಉಳಿಯಿತು. ಅಂದರೆ ಬಲ್ಬಿನದಲ್ಲ, ರೆಸಿಸ್ಟರಿನದಲ್ಲ, ಕಾರಿನದೇ.

ಆಗ ನೆನಪಾಯಿತು, ಇಷ್ಟು ದಿನ ನಾನು ಕರೆಂಟ್ ಬರುವ ದಾರಿಯನ್ನು ಮಾತ್ರ ನೋಡುತ್ತಿದ್ದೆ, ವಾಪಸು ಹೋಗುವ ದಾರಿಯನ್ನು ನೋಡಿಯೇ ಇರಲಿಲ್ಲ.

ಅರ್ತ್ ಪರೀಕ್ಷೆ ಮಾಡುವುದು ಸುಲಭ. ಓಂ ಅಳತೆಗೆ ಇಟ್ಟು ನೋಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ, ಮೀಟರ್ ಕಳಿಸುವ ಚಿಟಿಕೆ ಕರೆಂಟಿಗೆ ಕೊಳೆತ ಬೋಲ್ಟು ಕೂಡ ಒಳ್ಳೆಯದಾಗಿಯೇ ಕಾಣುತ್ತದೆ. ಲೋಡ್ ಹಾಕಿ ವೋಲ್ಟೇಜ್ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟೆ. ಒಂದು ಉದ್ದದ ವೈರು ಹಿಡಿದು ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಜೋಡಿಸಿದೆ. ಕೆಂಪು ಕಡ್ಡಿಯನ್ನು ಹಿಂದಿನ ಲ್ಯಾಂಪಿನ ಕಪ್ಪು ಅರ್ತ್ ವೈರಿಗೆ ತಾಗಿಸಿ, ಎಂಜಿನ್ ಓಡಿಸಿ, ಇಂಡಿಕೇಟರ್ ಹಾಕಿಸಿದೆ. ಅರ್ತ್ ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ ಬರಬೇಕು. ಬಲಗಡೆ 0.05 ಬಂತು. ಎಡಗಡೆ ಮಿನುಗಿದಾಗೆಲ್ಲ 1.6 ವೋಲ್ಟಿಗೆ ಹಾರುತ್ತಿತ್ತು.

13.9ರಲ್ಲಿ 1.6 ಕಳೆದರೆ ಎಷ್ಟು? 12.3. ಎಂಜಿನ್ ಬಂದ್ ಮಾಡಿದಾಗ ಎರಡು ಬದಿಗೂ ಸಿಗುತ್ತಿದ್ದ 12.2ರ ಹತ್ತಿರ ಹತ್ತಿರ. ಅದೇ ಗೆರೆ! ಎಡಗಡೆಯ ಲ್ಯಾಂಪಿನ ಮಟ್ಟಿಗೆ ಎಂಜಿನ್ ಯಾವಾಗಲೂ ಬಂದ್ ಆಗಿತ್ತು. ನಾನು ನಾಲ್ಕು ರೆಸಿಸ್ಟರ್ ಹಾಕಿ ಧಾರಾಳವಾಗಿ ಮಾಡಿದ್ದರೆ ಈ ದೋಷ ಇನ್ನೂ ಎರಡು ವರ್ಷ ಅಡಗಿ ಕೂತಿರುತ್ತಿತ್ತು. ಜಿಪುಣತನಕ್ಕೂ ಒಮ್ಮೊಮ್ಮೆ ಫಲ ಸಿಗುತ್ತದೆ.

ಕಪ್ಪು ವೈರಿನ ಜಾಡು ಹಿಡಿದು ಹೋದೆ. ಡಿಕ್ಕಿಯ ಹೊದಿಕೆಯ ಕೆಳಗೆ, ಚಕ್ರದ ಕಮಾನಿನ ಹಿಂದೆ ಒಂದು 10 ಎಂಎಂ ಬೋಲ್ಟಿನಲ್ಲಿ ಅದು ಮುಗಿಯುತ್ತಿತ್ತು. ಬೋಲ್ಟು ಅಂತ ಅಂದಾಜಿನ ಮೇಲೆ ಹೇಳಬೇಕು. ತುಕ್ಕಿನ ಒಂದು ಉಂಡೆ, ಅದರಿಂದ ಹೊರಟ ವೈರಿನ ತುದಿಯಲ್ಲಿ ಪಾಚಿಯ ಹಾಗೆ ಹಸಿರು ಕಿಲುಬು. ಮೇಲಿನಿಂದ ನೀರಿನ ಗೆರೆ ಇಳಿದ ಗುರುತು. ಲ್ಯಾಂಪಿನ ಸುತ್ತ ಇರುವ ರಬ್ಬರು ಒಂದು ಮೂಲೆಯಲ್ಲಿ ಹರಿದಿತ್ತು. ಬೇಕಲದ ಉಪ್ಪು ಗಾಳಿ ಶುರು ಮಾಡಿದ್ದನ್ನು ಬದಿಯಡ್ಕದ ಮಳೆ ಮುಗಿಸಿತ್ತು.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ಚಹಾ ಕುಡಿದು ಬಂದೆ. ನಿಧಾನವಾಗಿ ಮುಂದೆ ಹಿಂದೆ ಮಾಡಿ ಬಿಚ್ಚಿದೆ, ತುಂಡಾಗಲಿಲ್ಲ, ಪುಣ್ಯ. ವೈರನ್ನು ಎರಡು ಇಂಚು ಹಿಂದಕ್ಕೆ ಕತ್ತರಿಸಿದೆ, ತಾಮ್ರ ಕೆಂಪಗೆ ಕಾಣುವವರೆಗೆ. ಹೊಸ ಉಂಗುರದ ಟರ್ಮಿನಲ್ ಒತ್ತಿ ಕೂರಿಸಿದೆ. ಬಾಡಿಯ ತಗಡನ್ನು ಮರಳು ಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಾಣಿಸಿದೆ. ಹೊಸ ಬೋಲ್ಟು, ಹಲ್ಲಿರುವ ವಾಷರ್, ಗಟ್ಟಿಯಾಗಿ ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್. ಬಿಗಿಯುವ ಮೊದಲು ಹಚ್ಚುವುದಲ್ಲ, ಆಮೇಲೆ. ಹರಿದ ರಬ್ಬರಿನ ಜಾಗಕ್ಕೆ ಸ್ಪಂಜಿನ ಪಟ್ಟಿ ಅಂಟಿಸಿದೆ. ಅಳೆದರೆ 0.04 ವೋಲ್ಟ್. ಎಡಗಡೆ ಟಿಕ್... ಟಿಕ್...

ಅಲ್ಲಿಗೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಕುತೂಹಲಕ್ಕೆ ಹಿಂದಿನ ಎಡಗಡೆಗೆ ಹಳೆಯ, ಬಿಸುವಿನ ಹಿಂದಿನ ವಾರ ಕಿತ್ತು ಡಬ್ಬಿಯಲ್ಲಿಟ್ಟ ಬಲ್ಬನ್ನೇ ಹಾಕಿ ನೋಡಿದೆ. ಹೊಸದರ ಹಾಗೆ ಉರಿಯಿತು. ಬಲಗಡೆಯ ಎಲ್‌ಇಡಿಯ ಪಕ್ಕದಲ್ಲಿ ಇಟ್ಟು ನೋಡಿದರೂ ನಾಚಿಕೆ ಪಡುವಂಥದ್ದೇನೂ ಇರಲಿಲ್ಲ.

ಬಲ್ಬು ಯಾವತ್ತೂ ಕೆಟ್ಟಿರಲೇ ಇಲ್ಲ. ಅದೇ ಬೋಲ್ಟಿಗೆ ಬ್ರೇಕಿನ ಲೈಟಿನ ಅರ್ತ್ ಕೂಡ ಹೋಗುತ್ತದೆ. ತಿರುಗುವಾಗ ಬ್ರೇಕು ಒತ್ತುತ್ತೇವೆ ಅಲ್ವಾ, ಆಗ ಎರಡು 21 ವ್ಯಾಟಿನ ಕರೆಂಟ್ ಆ ತುಕ್ಕಿನ ಉಂಡೆಯೊಳಗೆ ತೂರಬೇಕು. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಜಾರುತ್ತದೆ. ವೋಲ್ಟೇಜ್ 10% ಹೋದರೆ ಬೆಳಕು ಸುಮಾರು 30% ಹೋಗುತ್ತದೆ. ಬ್ರೇಕು ಒತ್ತಿದಾಗ ಅರ್ಧಕ್ಕೆ ಅರ್ಧ ಹೋಗಿರಬೇಕು. ಬೈಕಿನವನಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಕಂಡದ್ದು, ಅಲ್ಲ, ಕಾಣದ್ದು ಅದು. ಎಲ್‌ಇಡಿ ಕಮ್ಮಿ ಕರೆಂಟ್ ಎಳೆಯುತ್ತದೆ, ಹಾಗಾಗಿ ಕೆಟ್ಟ ಅರ್ತ್‌ನಲ್ಲೂ ಚೆನ್ನಾಗಿಯೇ ಉರಿಯಿತು. ನಾನು ಕಾಯಿಲೆ ವಾಸಿಯಾಯಿತು ಅಂದುಕೊಂಡೆ.

ಹೆಂಡತಿ ಕೇಳಿದಳು, "ಹಾಗಾದರೆ ಆ ಬಲ್ಬು ತರಿಸಿದ್ದು ಎಂತಕ್ಕೆ?" ಭಾವನನ್ನು ಕೇಳು ಅಂದೆ.

ಇಷ್ಟಾದ ಮೇಲೆ ಹಳೆಯ ಬಲ್ಬುಗಳನ್ನೇ ಹಾಕಿ ಸುಮ್ಮನಿರಬಹುದಿತ್ತು. ಹಟ ಬಿಡಲಿಲ್ಲ. ಆದರೆ ರೆಸಿಸ್ಟರ್ ಮಾತ್ರ ಬೇಡ ಅನ್ನಿಸಿತು. ಮೂರೂವರೆ ವ್ಯಾಟಿನ ಎಲ್‌ಇಡಿ ಹಾಕಿ ಅದರ ಬಗಲಿಗೆ 24 ವ್ಯಾಟಿನ ಒಲೆ ಇಡುವುದು ಯಾವ ಸೀಮೆಯ ಉಳಿತಾಯ? ಫ್ಲಾಶರನ್ನೇ ಬದಲಿಸುವುದು ಎಂದು ತೀರ್ಮಾನಿಸಿದೆ. ಕರೆಂಟ್ ಅಳೆಯದೆ ಬರೀ ಗಡಿಯಾರದ ಹಾಗೆ ಮಿನುಗಿಸುವ ಎಲೆಕ್ಟ್ರಾನಿಕ್ ಫ್ಲಾಶರ್ ಸಿಗುತ್ತದೆ. ಕಾಸರಗೋಡಿನಲ್ಲಿ ಒಂದು ಅಂಗಡಿಯಲ್ಲಿ 260 ರೂಪಾಯಿಗೆ ಸಿಕ್ಕಿತು.

ಕಾರಿನ ಫ್ಲಾಶರ್ ಎಲ್ಲಿದೆ ಅಂತ ಹುಡುಕಲು ಕಿವಿ ಸಾಕು. ಹಜಾರ್ಡ್ ಹಾಕಿ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಟಿಕ್ ಸದ್ದು ಬರುವ ಡಬ್ಬಿಗಳನ್ನು ಒಂದೊಂದಾಗಿ ಬೆರಳಿನಲ್ಲಿ ಮುಟ್ಟಿದೆ. ಬೆರಳಿಗೆ ಬಡಿದದ್ದೇ ಫ್ಲಾಶರ್. ಮೂರು ಪಿನ್: ಬಿ ಅಂದರೆ ಬ್ಯಾಟರಿಯಿಂದ ಬರುವುದು, ಎಲ್ ಅಂದರೆ ಲೈಟಿಗೆ ಹೋಗುವುದು, ಇ ಅಂದರೆ ಅರ್ತ್. ಹೊಸದನ್ನು ಚುಚ್ಚಿದೆ. ಏನೂ ಆಗಲಿಲ್ಲ. ಮಿನುಗೂ ಇಲ್ಲ, ಸದ್ದೂ ಇಲ್ಲ.

ಹಳೆಯದನ್ನೂ ಹೊಸದನ್ನೂ ಅಂಗೈಯಲ್ಲಿ ಉಲ್ಟಾ ಇಟ್ಟು ನೋಡಿದೆ. ಡಬ್ಬಿ ಒಂದೇ ಥರ, ಪಿನ್‌ಗಳ ಜಾಗವೂ ಒಂದೇ, ಅಕ್ಷರಗಳು ಮಾತ್ರ ಅದಲು ಬದಲು. ಅಕ್ಷರವನ್ನು ಪೂರ್ತಿ ನಂಬಬಾರದು ಅಂತ ಕಾರಿನ ಸಾಕೆಟ್ಟಿನಲ್ಲೇ ಅಳೆದೆ. ಕೀ ಆನ್ ಮಾಡಿದಾಗ 12 ವೋಲ್ಟ್ ಬರುವುದು ಬಿ. ಬ್ಯಾಟರಿ ಪ್ಲಸ್‌ಗೂ ಅದಕ್ಕೂ ನಡುವೆ 12 ತೋರಿಸಿದ್ದು ಇ. ಉಳಿದದ್ದು ಎಲ್. ಗೇಣುದ್ದದ ಮೂರು ವೈರುಗಳಿಗೆ ಎರಡೂ ತುದಿಯಲ್ಲಿ ಟರ್ಮಿನಲ್ ಹಾಕಿ, ಸರಿಯಾದ ಪಿನ್‌ನಿಂದ ಸರಿಯಾದ ಪಿನ್‌ಗೆ ಜೋಡಿಸಿದೆ. ಫ್ಲಾಶರನ್ನು ಸ್ಪಂಜಿನಲ್ಲಿ ಸುತ್ತಿ ಬ್ರಾಕೆಟ್ಟಿಗೆ ಕಟ್ಟಿದೆ. ಇದು ಬಿಸಿಯಾಗುವುದಿಲ್ಲ, ಹಾಗಾಗಿ ಈ ಸಲ ಕೇಬಲ್ ಟೈ ಬಳಸಬಹುದು. ಡಬ್ಬಿಯ ತಲೆಯ ಮೇಲೆ ವೇಗ ತಿರುಗಿಸುವ ಸಣ್ಣ ಸ್ಕ್ರೂ ಇತ್ತು. ತಿರುಗಿಸುತ್ತಾ ಎಣಿಸುತ್ತಾ 30 ಸೆಕೆಂಡಿಗೆ 43ಕ್ಕೆ ನಿಲ್ಲಿಸಿದೆ. ನಿಮಿಷಕ್ಕೆ 86. ಎಂಜಿನ್ ಬಂದ್ ಇದ್ದರೂ ಅಷ್ಟೇ, ಓಡಿದರೂ ಅಷ್ಟೇ, ಹಜಾರ್ಡಿಗೂ ಅಷ್ಟೇ.

ಹೆಚ್ಚಿನ ಹೊಸ ಕಾರುಗಳಲ್ಲಿ ಈ ದಾರಿ ಇಲ್ಲ. ಅವುಗಳಲ್ಲಿ ಕಿತ್ತು ತೆಗೆಯುವ ಫ್ಲಾಶರ್ ಇರುವುದಿಲ್ಲ, ಬಾಡಿಯ ಕಂಪ್ಯೂಟರೇ ಮಿನುಗಿಸುತ್ತದೆ, ಟಿಕ್ ಸದ್ದು ಕೂಡ ಸ್ಪೀಕರಿನದ್ದು. ಅಲ್ಲಿ ರೆಸಿಸ್ಟರ್, ಇಲ್ಲವೇ ಸ್ಕ್ಯಾನರ್ ಹಾಕಿ ಸೆಟ್ಟಿಂಗ್ ಬದಲಿಸಬಲ್ಲವರು. ವಾರಂಟಿ ಇರುವ ಕಾರಾದರೆ ಎರಡೂ ಬೇಡ, ಬಲ್ಬೇ ಇರಲಿ.

ನಾನು ಕಳೆದುಕೊಂಡದ್ದು ಒಂದುಂಟು. ಈಗ ಯಾವ ಇಂಡಿಕೇಟರ್ ಸತ್ತರೂ ನನ್ನ ಫ್ಲಾಶರ್ 86ನ್ನೇ ಹೊಡೆಯುತ್ತಾ ಇರುತ್ತದೆ. ಹೇಳುವ ಬಾಯಿ ಮುಚ್ಚಿದ್ದು ನಾನೇ. ಹಾಗಾಗಿ ಭಾನುವಾರ ಗಾಡಿ ತೊಳೆಯುವಾಗ ಹಜಾರ್ಡ್ ಹಾಕಿ ಒಂದು ಸುತ್ತು ಬರುತ್ತೇನೆ. ಕಿತ್ತ ರೆಸಿಸ್ಟರುಗಳಲ್ಲಿ ಒಂದು ಈಗ ಸ್ಕೂಟರ್ ಬ್ಯಾಟರಿಗೆ ಲೋಡ್ ಕೊಟ್ಟು ಪರೀಕ್ಷಿಸಲು ಉಪಯೋಗಕ್ಕೆ ಬರುತ್ತದೆ, ಮುರಕಲ್ಲಿನ ಮೇಲಿಟ್ಟು.

ಆಟಿ ತಿಂಗಳು ಮುಗಿಯುವ ಹೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿತ್ತು. ನೀರ್ಚಾಲು ಕಡೆಯ ಅಡಿಕೆ ತೋಟದವರೊಬ್ಬರು ಫೋನ್ ಮಾಡಿದರು. "ನನ್ನ ಕಾರಲ್ಲೂ ಬಲಕ್ಕೆ ಹಾಕಿದರೆ ಟಿಕಟಿಕ ಹೇಳ್ತದೆ ಮಾರಾಯ್ರೇ. ನೀವು ಹಾಕಿದ ಫ್ಲಾಶರ್ ರಿಲೇ ನನಗೂ ಒಂದು ತರಿಸಿಕೊಡಿ." ಎಲ್‌ಇಡಿ ಹಾಕಿಸಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ಮೀಟರು, ವೈರು, ಸ್ಪ್ಯಾನರು ಎಲ್ಲ ಚೀಲಕ್ಕೆ ತುಂಬಿಕೊಂಡು ಹೋದೆ. ಇಂಡಿಕೇಟರ್ ಹಾಕಲು ಹೇಳಿ ಕಾರಿನ ಸುತ್ತ ಒಂದು ಸುತ್ತು ಬಂದೆ. ಮುಂದಿನ ಬಲಗಡೆಯ ಬಲ್ಬು ಸುಟ್ಟಿತ್ತು.

ಪೇಟೆಯಲ್ಲಿ 40 ರೂಪಾಯಿ. ಓರೆ ಪಿನ್‌ನದು ಅಂತ ಹೇಳಿ ತರಿಸಿದೆ.